ಮನೆಯಲ್ಲಿ ಲಿಥಿಯಂ ಮಾತ್ರೆ: ನೀರು, ಉಪ್ಪು, ನೋವಿನ ಗುಳಿಗೆಯ ಲೆಕ್ಕ ಇಡುವುದು ಹೇಗೆ?

ಕೆಲವು ವಾರ ನಿದ್ದೆಯೇ ಬೇಡ ಎನ್ನುವಷ್ಟು ಹುರುಪು, ನಿಲ್ಲದ ಮಾತು, ಕೈಯಲ್ಲಿದ್ದ ದುಡ್ಡೆಲ್ಲ ಖರ್ಚು. ಆಮೇಲೆ ಹಾಸಿಗೆ ಬಿಟ್ಟು ಏಳಲಾಗದಷ್ಟು ಕುಗ್ಗು. ಬೈಪೋಲಾರ್ ಕಾಯಿಲೆಯ ಈ ಏರಿಳಿತ ಮರುಕಳಿಸದಂತೆ ತಡೆಯುವ ಮದ್ದುಗಳಲ್ಲಿ ಲಿಥಿಯಂ ಇಂದಿಗೂ ಮೊದಲ ಸಾಲಿನಲ್ಲಿದೆ. ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆ. ಉನ್ಮಾದಕ್ಕೆ, ಅಂದರೆ ಆ ಮಿತಿಮೀರಿದ ಹುರುಪಿಗೆ, ಇದು ಕೆಲಸ ಮಾಡುತ್ತದೆ ಎಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಬರೆದರು. ಅಷ್ಟು ಹಳೆಯ ಮದ್ದು, ಅಷ್ಟೇ ನಂಬಿಕಸ್ಥ ಮದ್ದು.

ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮಾತ್ರೆ ಲೆಕ್ಕ ತಪ್ಪದೆ ನುಂಗಿದರೂ ರಕ್ತದಲ್ಲಿ ಲಿಥಿಯಂ ಏರಬಹುದು. ಏರಿಸುವುದು ಸಾಮಾನ್ಯವಾಗಿ ಮನೆಯಲ್ಲೇ ಆಗುವ ಸಣ್ಣ ಬದಲಾವಣೆಗಳು. ಹಾಗಾಗಿ ವೈದ್ಯರಷ್ಟೇ ಮನೆಯವರಿಗೂ ಇದು ಗೊತ್ತಿರಬೇಕು.

ಶುರು ಮಾಡುವ ಮೊದಲು

ಲಿಥಿಯಂ ದೇಹದಿಂದ ಹೊರಹೋಗುವುದು ಹೆಚ್ಚೂಕಮ್ಮಿ ಪೂರ್ತಿ ಕಿಡ್ನಿಯ ಮೂಲಕ. ಅದಕ್ಕೇ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ), ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸುತ್ತಾರೆ. ವಯಸ್ಸಾದವರಿಗೆ ಇಸಿಜಿಯನ್ನೂ ಹೇಳಬಹುದು. ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆಗಳ ಶೀಟುಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಬಾಯಲ್ಲಿ ಹೇಳಲು ಹೋದರೆ ಒಂದೆರಡು ಮರೆತೇ ಹೋಗುತ್ತವೆ. ಗರ್ಭಿಣಿಯಾಗಿದ್ದರೆ ಅಥವಾ ಮಗುವಿನ ಯೋಚನೆ ಇದ್ದರೆ ಅದನ್ನೂ ಆಗಲೇ ಹೇಳಬೇಕು.

ದಿನದ ಮಾತ್ರೆ

ಊಟವಾದ ಮೇಲೆ, ದಿನವೂ ಒಂದೇ ಹೊತ್ತಿಗೆ. ನಿಧಾನವಾಗಿ ಕರಗುವ ಮಾತ್ರೆಯ ಮೇಲೆ 'ಎಸ್‌ಆರ್' ಎಂದಿರುತ್ತದೆ. ಅದನ್ನು ಜಗಿಯಬಾರದು, ಪುಡಿ ಮಾಡಬಾರದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

ರಕ್ತ ಕೊಡುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಶುರು ಮಾಡಿದ ಅಥವಾ ಡೋಸ್ ಬದಲಿಸಿದ 5ರಿಂದ 7 ದಿನಕ್ಕೆ ರಕ್ತದಲ್ಲಿನ ಲಿಥಿಯಂ ಮಟ್ಟ ನೋಡುತ್ತಾರೆ. ಒಂದು ಹದಕ್ಕೆ ಬಂದ ಮೇಲೆ 3ರಿಂದ 6 ತಿಂಗಳಿಗೊಮ್ಮೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆಯೇ ರಕ್ತ ಕೊಡಬೇಕು. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ ಲ್ಯಾಬಿನಲ್ಲಿರಿ. ಬೆಳಗಿನ ಮಾತ್ರೆಯೂ ಇದ್ದರೆ ರಕ್ತ ಕೊಟ್ಟ ನಂತರ ನುಂಗಿ. ಮೊದಲೇ ನುಂಗಿಬಿಟ್ಟರೆ ರಿಪೋರ್ಟಿನಲ್ಲಿ ಜಾಸ್ತಿ ಬರುತ್ತದೆ, ಸುಮ್ನೆ ಡೋಸ್ ಇಳಿಸಿಬಿಡುತ್ತಾರೆ.

ಇನ್ನೊಂದು ವಿಷಯ ಕೆಲವು ಲ್ಯಾಬ್‌ಗಳಲ್ಲೂ ತಪ್ಪುತ್ತದೆ. ಕೆಲವು ಹಸಿರು ಮುಚ್ಚಳದ ಟ್ಯೂಬ್‌ಗಳಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಅದರಲ್ಲಿ ತೆಗೆದ ರಕ್ತದಲ್ಲಿ ಟ್ಯೂಬಿನ ಲಿಥಿಯಂ ಕೂಡ ಸೇರಿ ರಿಪೋರ್ಟ್ ಪೂರ್ತಿ ತಪ್ಪಾಗುತ್ತದೆ. "ಇದು ಲಿಥಿಯಂ ಟೆಸ್ಟ್, ಹಸಿರು ಟ್ಯೂಬ್ ಬೇಡ" ಎಂದು ಹೇಳಲು ಸಂಕೋಚ ಬೇಡ.

ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಲಿ ಎನ್ನುತ್ತಾರೆ. ವಯಸ್ಸಾದವರಿಗೆ ಇನ್ನೂ ಕೆಳಗೆ. 1.5 ದಾಟಿದರೆ ಅಪಾಯ, 2 ದಾಟಿದರೆ ಜೀವಕ್ಕೇ ಕುತ್ತು.

ನೀರು ಮತ್ತು ಉಪ್ಪು

ದೇಹದಲ್ಲಿ ಉಪ್ಪು ಕಡಿಮೆಯಾದಾಗ ಕಿಡ್ನಿ ಸೋಡಿಯಂ ಅನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಲಿಥಿಯಂ ಕೂಡ ಸೋಡಿಯಂನ ದಾರಿಯಲ್ಲೇ ಹೋಗುವ ಕಾರಣ ಅದೂ ಒಳಗೇ ಉಳಿಯುತ್ತದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರಿದರು. ಮೊದಲೇ ಉಪ್ಪು ಬಿಟ್ಟಿದ್ದವರು ಅದನ್ನು ಊಟಕ್ಕೆ ಉದುರಿಸಿಕೊಂಡರು. ಕೆಲವರು ಸತ್ತರು.

ಆದ್ದರಿಂದ ಉಪ್ಪನ್ನು ಏಕಾಏಕಿ ಬಿಡಬೇಡಿ, ಏಕಾಏಕಿ ಜಾಸ್ತಿಯೂ ಮಾಡಬೇಡಿ. ಉಪ್ಪಿಲ್ಲದ ಉಪವಾಸ, ನೀರೂ ಕುಡಿಯದ ವ್ರತ ಲಿಥಿಯಂ ನುಂಗುವವರಿಗೆ ಸಲ್ಲದು. ಮನೆಯ ಹಿರಿಯರು ಒತ್ತಾಯ ಮಾಡಿದರೂ ಇದರಲ್ಲಿ ರಾಜಿ ಬೇಡ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ಹೊಲದ ಕೆಲಸಕ್ಕೆ ಹೋಗುವವರು ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯನ್ನೂ ಒಯ್ಯಬೇಕು. ಬೆವರಿನಲ್ಲಿ ಎರಡೂ ಹೋಗುತ್ತವೆ ಅಲ್ವಾ?

ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ ವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಆ ಹೊತ್ತಿನ ಲಿಥಿಯಂ ಕೊಡದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ಮೆಡಿಕಲ್ ಶಾಪಿನ ಮುಂದೆ

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರುವುದು ಈ ಜಾಗದ ಬಗ್ಗೆ. "ಅಣ್ಣಾ, ಸೊಂಟ ನೋವು, ಒಂದೆರಡು ಮಾತ್ರೆ ಕೊಡಿ" ಎಂದರೆ ಶೀಟಿನಿಂದ ಕತ್ತರಿಸಿ ಕೊಡುತ್ತಾರೆ. ಹೆಸರು ಬರೆದ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಇವೆಲ್ಲ ಕಿಡ್ನಿ ಲಿಥಿಯಂ ಹೊರಹಾಕುವುದನ್ನು ತಡೆಯುತ್ತವೆ. ಕೆಲವೇ ದಿನ ನುಂಗಿದರೂ ಮಟ್ಟ ಏರಬಹುದು.

ಜ್ವರಕ್ಕೋ ತಲೆನೋವಿಗೋ ಪ್ಯಾರಾಸಿಟಮಾಲ್ ಆಗಬಹುದು. ಆದರೆ ಬರೀ ಪ್ಯಾರಾಸಿಟಮಾಲ್. ನಮ್ಮಲ್ಲಿ ಅಸಿಕ್ಲೊಫೆನಾಕ್ 100, ಪ್ಯಾರಾಸಿಟಮಾಲ್ 325 ಎರಡೂ ಸೇರಿದ ಮಾತ್ರೆ ಎಲ್ಲ ಅಂಗಡಿಯಲ್ಲೂ ಓಡುತ್ತದೆ. ಕೊಡುವವರು ಅದನ್ನೂ "ನೋವು-ಜ್ವರದ್ದು" ಎಂದೇ ಕೊಡುತ್ತಾರೆ. ಶೀಟು ತಿರುಗಿಸಿ ಹೆಸರು ಓದಿ. ಪ್ಯಾರಾಸಿಟಮಾಲ್ ಎಂಬ ಒಂದೇ ಹೆಸರಿದ್ದರೆ ಮಾತ್ರ ತೆಗೆದುಕೊಳ್ಳಿ.

ಬಿಪಿ ಮಾತ್ರೆಗಳೂ ಹೀಗೆಯೇ. ಎನಲಾಪ್ರಿಲ್, ರಾಮಿಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಲಿಥಿಯಂ ಮಟ್ಟವನ್ನು ಏರಿಸಬಲ್ಲವು. ಮಾತ್ರೆಯ ಹೆಸರಿನ ಕೊನೆಗೆ 'ಎಚ್' ಇದ್ದರೆ ಸಾಮಾನ್ಯವಾಗಿ ಹೈಡ್ರೊಕ್ಲೋರೊಥಯಜೈಡ್ ಎಂಬ ಮೂತ್ರ ಹೆಚ್ಚಿಸುವ ಮದ್ದು ಸೇರಿರುತ್ತದೆ, ಅದು ಇನ್ನೂ ಹೆಚ್ಚು ಏರಿಸುತ್ತದೆ. ಬಿಪಿ ನೋಡುವ ಡಾಕ್ಟರಿಗೆ ಲಿಥಿಯಂ ವಿಷಯ ಹೇಳಿ, ಮನೋವೈದ್ಯರಿಗೆ ಬಿಪಿ ಮಾತ್ರೆ ತೋರಿಸಿ. "ಲಿಥಿಯಂ ನಡೆಯುತ್ತಿದೆ" ಎಂದು ಬರೆದ ಚೀಟಿ ಪರ್ಸಿನಲ್ಲಿ ಇರಲಿ.

ಯಾವುದು ಸಹಜ, ಯಾವುದು ಅಪಾಯ?

ಬಾಯಾರಿಕೆ, ಪದೇ ಪದೇ ಮೂತ್ರ, ಬೆರಳುಗಳಲ್ಲಿ ಸಣ್ಣ ನಡುಕ, ಸ್ವಲ್ಪ ತೂಕ ಹೆಚ್ಚಾಗುವುದು ಹಲವರಿಗೆ ಇರುತ್ತದೆ. ಮುಂದಿನ ಭೇಟಿಯಲ್ಲಿ ಹೇಳಿ, ಇವಕ್ಕೆ ದಾರಿ ಇದೆ. ಥೈರಾಯ್ಡ್ ಕಡಿಮೆಯಾದರೂ ಅದಕ್ಕೆ ಬೇರೆ ಮಾತ್ರೆ ಕೊಟ್ಟು ಲಿಥಿಯಂ ಮುಂದುವರಿಸಬಹುದು. ವರ್ಷಗಟ್ಟಲೆ ನುಂಗುವವರಲ್ಲಿ ಕೆಲವರ ಕಿಡ್ನಿ ನಿಧಾನಕ್ಕೆ ಸೊರಗಬಹುದು. ಆರು ತಿಂಗಳಿಗೊಮ್ಮೆ ಮಾಡಿಸುವ ಕಿಡ್ನಿ ಪರೀಕ್ಷೆ ತಪ್ಪಿಸಬಾರದು ಎನ್ನುವುದು ಅದಕ್ಕೇ.

ಆದರೆ ಚಹಾದ ಲೋಟ ತುಳುಕುವಷ್ಟು ಕೈನಡುಕ, ತೊದಲು ಮಾತು, ನಡೆಯುವಾಗ ತೂರಾಟ, ನಿಲ್ಲದ ವಾಂತಿ ಭೇದಿ, ಮಂಪರು, ಗೊಂದಲ ಕಂಡರೆ ನಾಳೆವರೆಗೆ ಕಾಯಬೇಡಿ. ನೋಡಿದವರು ಕುಡಿದಿದ್ದಾನೆ ಎಂದುಕೊಳ್ಳಬಹುದು. ಮಾತ್ರೆ ನಿಲ್ಲಿಸಿ, ಶೀಟು ಜೊತೆಗಿಟ್ಟುಕೊಂಡು ನೇರ ಎಮರ್ಜೆನ್ಸಿಗೆ ಹೋಗಿ "ಲಿಥಿಯಂ ನುಂಗುತ್ತಾರೆ, ಮಟ್ಟ ನೋಡಿ" ಎಂದು ಹೇಳಿ. ಗಂಭೀರವಾದರೆ ಡಯಾಲಿಸಿಸ್ ಬೇಕಾಗುತ್ತದೆ. ತಡವಾದರೆ ಮೆದುಳಿಗೆ ಆದ ಹಾನಿ ಕೆಲವರಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ನಿಲ್ಲಿಸಬೇಕೆನಿಸಿದರೆ

"ಈಗ ಚೆನ್ನಾಗಿದ್ದಾಳಲ್ಲ, ಇನ್ಯಾಕೆ ಮಾತ್ರೆ?" ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಮದುವೆ ಗೊತ್ತಾದಾಗಲಂತೂ ಬೀಗರ ಕಣ್ಣಿಗೆ ಬೀಳಬಾರದು ಎಂದು ಮಾತ್ರೆ ಡಬ್ಬಿಯನ್ನೇ ಮುಚ್ಚಿಡುತ್ತಾರೆ. ಒಮ್ಮೆಲೇ ನಿಲ್ಲಿಸಿದರೆ ಉನ್ಮಾದ ಜೋರಾಗಿ ಮರಳುವ ಸಾಧ್ಯತೆ ಹೆಚ್ಚು. ಮದುವೆ ಗಲಾಟೆ, ನಿದ್ದೆಗೆಟ್ಟ ರಾತ್ರಿಗಳ ನಡುವೆ ಮಾತ್ರೆ ಬಿಡುವುದು ಆ ಹುಡುಗಿಗೆ ಮಾಡುವ ಅನ್ಯಾಯ. ಗರ್ಭ ನಿಂತಿದೆ ಎಂದು ಗೊತ್ತಾದಾಗಲೂ ನೀವೇ ನಿಲ್ಲಿಸದೆ ಅದೇ ದಿನ ವೈದ್ಯರನ್ನು ಕೇಳಿ. ನಿಜಕ್ಕೂ ನಿಲ್ಲಿಸಬೇಕಾದರೆ ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳವರೆಗೂ ಸಮಯ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಮನೋವೈದ್ಯರು ದೂರದಲ್ಲಿದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿ. ಮಾತನಾಡಿ ಸಲಹೆ ಕೇಳಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.