ಸೈಕಾಲಜಿಯಲ್ಲಿ ಪಿಎಚ್‌ಡಿಗೆ ಗೈಡ್ ಹುಡುಕುವುದು ಹೇಗೆ? ಕಾಸರಗೋಡು ಕಡೆಯವರಿಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಸೈಕಾಲಜಿ ಎಂಎ, ಎಂಎಸ್‌ಸಿ ಮುಗಿಸಿದವರು ಮೊದಲು ಕೇಳುವುದು "ಯಾವ ಯೂನಿವರ್ಸಿಟಿ ಒಳ್ಳೇದು?" ಅಂತ. ಅದು ಆಮೇಲಿನ ಮಾತು. ಮೊದಲು ನಿಮ್ಮ ಪ್ರಶ್ನೆ ಏನು ಅಂತ ಒಂದು ಹಾಳೆಯಲ್ಲಿ ಬರೆಯಿರಿ, ಮನೆಯವರಿಗೂ ಅರ್ಥ ಆಗುವ ಕನ್ನಡದಲ್ಲಿ. "ಮಕ್ಕಳ ಮಾನಸಿಕ ಆರೋಗ್ಯ" ಅಂತ ಬರೆದರೆ ಅದು ಪ್ರಶ್ನೆ ಅಲ್ಲ. "ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ ಮಾತಾಡುವ ಮಗು ಕನ್ನಡ ಶಾಲೆಗೆ ಸೇರಿ ಓದಲು ಕಲಿಯುವಾಗ ಎಲ್ಲಿ ತಡವರಿಸುತ್ತದೆ?" ಇದು ಪ್ರಶ್ನೆ.

ಈಗ ಈ ಒಂದೇ ಮಗುವಿನ ಹಿಂದೆ ಎಷ್ಟು ಜನ ಬರಬಹುದು ನೋಡಿ. ಕಾಗ್ನಿಟಿವ್ ಸೈಕಾಲಜಿಯವರು ಗಮನ, ನೆನಪು ಹೇಗೆ ಕೆಲಸ ಮಾಡುತ್ತವೆ ಅಂತ ಕಂಪ್ಯೂಟರ್ ಮುಂದೆ ಕೂರಿಸಿ ಸೆಕೆಂಡಿನ ಲೆಕ್ಕದಲ್ಲಿ ಅಳೆಯುತ್ತಾರೆ. ಡೆವಲಪ್‌ಮೆಂಟಲ್‌ನವರು ಐದು ವರ್ಷಕ್ಕೆ ಹೇಗಿತ್ತು, ಎಂಟಕ್ಕೆ ಹೇಗಾಯಿತು ಅಂತ ನೋಡುತ್ತಾರೆ. ಎಜುಕೇಶನಲ್‌ನವರಿಗೆ ಟೀಚರ್ ಕಲಿಸುವ ರೀತಿ ಮುಖ್ಯ. ಸೋಶಿಯಲ್ ಸೈಕಾಲಜಿಯವರು ಕೇಳುವುದೇ ಬೇರೆ, ಈ ಮಗುವಿಗೆ ಯಾವ ಭಾಷೆ ಆಡಲು ನಾಚಿಕೆ, ಯಾಕೆ? ನಿಮಗೆ ಯಾವ ಕೆಲಸವನ್ನು ನಾಲ್ಕೈದು ವರ್ಷ ಬೇಜಾರಿಲ್ಲದೆ ಮಾಡಬಹುದು ಅನ್ನಿಸುತ್ತದೋ ಅದೇ ನಿಮ್ಮ ಫೀಲ್ಡ್. ಎಂಎಯಲ್ಲಿ ಯಾವ ಪೇಪರಿಗೆ ಜಾಸ್ತಿ ಮಾರ್ಕ್ಸ್ ಬಂತು ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪಿಎಚ್‌ಡಿ ಮಾಡಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಲು ಆಗುವುದಿಲ್ಲ. ಅದಕ್ಕೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ಒಪ್ಪಿದ ಕೋರ್ಸ್ ಮಾಡಿ ಅಲ್ಲಿ ಹೆಸರು ನೋಂದಾಯಿಸಬೇಕು. ರೋಗಿಗಳನ್ನು ನೋಡುವುದೇ ನಿಮ್ಮ ಆಸೆಯಾದರೆ ದಾರಿ ಬೇರೆ, ಸುಮ್ನೆ ವರ್ಷ ಹಾಳು ಮಾಡಿಕೊಳ್ಳಬೇಡಿ.

ಇನ್ನು ಹುಡುಕಾಟ. ಇಲ್ಲಿ ಬಹಳ ಜನ ಎಡವುವುದು ಸೈಕಾಲಜಿ ವಿಭಾಗದ ವೆಬ್‌ಸೈಟ್ ತೆರೆದು, ಪ್ರಾಧ್ಯಾಪಕರ ಪಟ್ಟಿ ನೋಡಿ, ಅಷ್ಟಕ್ಕೇ ನಿಲ್ಲಿಸುವುದರಲ್ಲಿ. ನಮ್ಮ ಕಡೆಯ ಪ್ರಶ್ನೆಗಳಿಗೆ ಹತ್ತಿರದ ಕೆಲಸ ಎಷ್ಟೋ ಸಲ ಬೇರೆ ಬೋರ್ಡಿನ ಕೆಳಗೆ ನಡೆದಿರುತ್ತದೆ. ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಬರೆದ ಲೇಖನವನ್ನು ಈ ವಿಷಯ ಹಿಡಿದವರು ಯಾರೂ ಬಿಡುವಂತಿಲ್ಲ. ಅವರು ಆಮೇಲೆ ಕೆಲಸಕ್ಕೆ ಹೋದದ್ದು ಆಕ್ಸ್‌ಫರ್ಡ್‌ನ ಶಿಕ್ಷಣ ವಿಭಾಗಕ್ಕೆ. ಸುವರ್ಣಾ ಅಲ್ಲಾಡಿ ನರರೋಗ ತಜ್ಞೆ. ಅವರ ತಂಡ ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ಜನರ ದಾಖಲೆ ನೋಡಿ 2013ರಲ್ಲಿ ಒಂದು ಲೇಖನ ಪ್ರಕಟಿಸಿತು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಶುರುವಾಗಿತ್ತು, ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತ್ತು. (ಹಾಗಂತ ಎರಡು ಭಾಷೆ ಕಲಿತರೆ ಮರೆವು ಬರುವುದಿಲ್ಲ ಅಂತಲ್ಲ. ಇದರ ಬಗ್ಗೆ ಸಂಶೋಧಕರಲ್ಲೇ ಜಗಳ ಇದೆ.) ಸಪ್ತಭಾಷೆಯ ಊರು ಅಂತ ಹೇಳಿಕೊಳ್ಳುವ ನಮಗೆ ಇದಕ್ಕಿಂತ ಹತ್ತಿರದ ವಿಷಯ ಬೇಕಾ? ಆದರೆ ಸೈಕಾಲಜಿ ವಿಭಾಗಗಳ ಪಟ್ಟಿಯಲ್ಲಿ ಹುಡುಕಿದರೆ ಇವರಿಬ್ಬರೂ ಸಿಗುವುದಿಲ್ಲ.

ಹಾಗಾಗಿ ಗೂಗಲ್ ಸ್ಕಾಲರ್ ತೆರೆದು ವಿಷಯದ ಹೆಸರಿನಿಂದಲೇ ಹುಡುಕಿ, ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಸಿಕ್ಕಿದ ಲೇಖನಗಳಲ್ಲಿ ಯಾರ ಹೆಸರು ಮತ್ತೆ ಮತ್ತೆ ಬರುತ್ತದೆ ನೋಡಿ. ನಮ್ಮ ಕಡೆಯ ತೊಂದರೆ ಇನಿಶಿಯಲ್‌ದು. ಎಸ್. ಭಟ್, ಕೆ. ರೈ ಅಂತ ಹುಡುಕಿದರೆ ಹಲ್ಲಿನ ಡಾಕ್ಟರಿಂದ ಹಿಡಿದು ಸಿವಿಲ್ ಇಂಜಿನಿಯರ್ ತನಕ ಎಲ್ಲರೂ ಬರುತ್ತಾರೆ. ಸಂಶೋಧಕರಿಗೆ ಕೊಡುವ ಓರ್ಕಿಡ್ (ORCID) ಅನ್ನುವ 16 ಅಂಕಿಯ ಗುರುತು ಇದ್ದರೆ ಸರಿಯಾದ ವ್ಯಕ್ತಿ ಸಿಗುತ್ತಾರೆ. ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ ಅನ್ನುವುದನ್ನೇ ನೋಡಿ. ಇಪ್ಪತ್ತು ವರ್ಷದ ಹಿಂದಿನ ಆಸಕ್ತಿ ಈಗ ಇರಬೇಕಂತ ಏನಿಲ್ಲ.

ಗೈಡ್ ಆಗಿ ಅವರು ಹೇಗೆ ಅಂತ ತಿಳಿಯಲು ಶೋಧಗಂಗಾಕ್ಕೆ ಹೋಗಿ. ದೇಶದ ಯೂನಿವರ್ಸಿಟಿಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಪುಕ್ಕಟೆ ಓದಲು ಸಿಗುತ್ತವೆ, ಗೈಡ್ ಹೆಸರಿನಿಂದಲೂ ಹುಡುಕಬಹುದು. ಅವರ ಕೈಕೆಳಗೆ ಬಂದ ಎರಡು ಪ್ರಬಂಧ ಇಳಿಸಿಕೊಂಡು, ಮುನ್ನುಡಿ ಬಿಟ್ಟು, ನೇರ ವಿಧಾನದ ಅಧ್ಯಾಯಕ್ಕೆ ಬನ್ನಿ. ಕುಟುಂಬದ ಆರ್ಥಿಕ ಸ್ಥಿತಿ ಅಳೆಯಲು ಕುಪ್ಪುಸ್ವಾಮಿ ಮಾಪಕ ಬಳಸಿದ್ದಾರೆ ಅನ್ನಿ. ಮೈಸೂರಿನಲ್ಲಿ ಕಲಿಸಿದ್ದ ಬಿ. ಕುಪ್ಪುಸ್ವಾಮಿ 1976ರಲ್ಲಿ ಇದನ್ನು ಮಾಡಿದ್ದು ಪೇಟೆಯ ಕುಟುಂಬಗಳಿಗಾಗಿ. ಯಜಮಾನರ ಓದು, ಉದ್ಯೋಗ, ಮನೆಯ ತಿಂಗಳ ಆದಾಯ, ಈ ಮೂರಕ್ಕೆ ಅಂಕ ಕೊಡುತ್ತದೆ. ಅದನ್ನು ಹಾಗೇ ಪೆರ್ಲದ ಅಡಿಕೆ ತೋಟದ ಮನೆಗೆ ಒಯ್ದರೆ? ಅಡಿಕೆಯವನಿಗೆ ತಿಂಗಳ ಆದಾಯ ಅಂತ ಎಲ್ಲಿದೆ, ಕೊಯ್ಲಾಗಿ ಮಾರಿದಾಗ ಬಂದದ್ದೇ ದುಡ್ಡು. ಹಳ್ಳಿಗೆ ಉದಯ ಪಾರೀಕ್ ಅವರ ಬೇರೆ ಮಾಪಕವೇ ಇದೆ, ಅದು ಜಮೀನು, ಮನೆ ಎಲ್ಲ ಕೇಳುತ್ತದೆ. ಹಳ್ಳಿಯ ಅಧ್ಯಯನಕ್ಕೆ ಪೇಟೆಯ ಮಾಪಕ, ಅದೂ ಹಳೇ ಕಾಲದ ಆದಾಯದ ಅಂಕಿಯೊಂದಿಗೆ ಬಳಸಿದ ಪ್ರಬಂಧ ಪಾಸಾಗಿದ್ದರೆ ಗೈಡ್ ಅಷ್ಟು ಗಮನ ಕೊಟ್ಟಿಲ್ಲ ಅಂತಲೇ ಅರ್ಥ.

ನಮ್ಮ ಜಿಲ್ಲೆಯವರು ಸುಲಭಕ್ಕೆ ಹಿಡಿಯುವ ಇನ್ನೊಂದು ವಿಷಯ ಎಂಡೋಸಲ್ಫಾನ್, ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ. ಸಿಂಪಡಣೆ ನಿಂತದ್ದು 2000ದ ಹೊತ್ತಿಗೆ, ಆವತ್ತಿನಿಂದ ಎಣ್ಮಕಜೆಯ ಮನೆಗಳಿಗೆ ಫಾರ್ಮ್ ಹಿಡಿದು ಹೋದವರಿಗೆ ಕಡಿಮೆ ಇಲ್ಲ. ಅದರಿಂದ ತೊಂದರೆಗೊಳಗಾದ ಮಕ್ಕಳ ತಾಯಂದಿರ ಒತ್ತಡದ ಬಗ್ಗೆ ಕೆಲಸ ಮಾಡಲೇಬೇಕಿದ್ದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಅವರ ಮನೆಮಾತಿನಲ್ಲೇ ಒಪ್ಪಿಗೆ ಪತ್ರ, ಎರಡನ್ನೂ ಮೊದಲ ದಿನದಿಂದ ಕೇಳುವ ಗೈಡ್ ಬೇಕು. "ಅದೆಲ್ಲ ಆಮೇಲೆ ನೋಡೋಣ" ಅನ್ನುವವರನ್ನು ಬಿಟ್ಟುಬಿಡಿ.

ಜಾಗದ ಮಾತಿಗೆ ಬಂದರೆ, ಮೈಸೂರು ವಿಶ್ವವಿದ್ಯಾಲಯದ ವಿಭಾಗ 1924ರಷ್ಟು ಹಳೆಯದು, ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿ. ಮೈಸೂರಿನ ಆಕಾಶವಾಣಿ ಶುರುವಾದದ್ದೂ ಇದೇ ಪುಣ್ಯಾತ್ಮರಿಂದ, 1935ರಲ್ಲಿ. ಕ್ಲಿನಿಕಲ್ ಆದರೆ ಬೆಂಗಳೂರಿನ ನಿಮ್ಹಾನ್ಸ್. ಭಾಷೆ ಮತ್ತು ಮನಸ್ಸಿನ ಪ್ರಯೋಗಗಳಿಗೆ ಹೈದರಾಬಾದ್ ವಿಶ್ವವಿದ್ಯಾಲಯದ ಕಾಗ್ನಿಟಿವ್ ಸೈನ್ಸ್ ಕೇಂದ್ರವನ್ನೂ ನೋಡಿ.

ಕೊನೆಗೆ ಇಮೇಲ್. "ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಇಂಟರೆಸ್ಟೆಡ್" ಅಂತ ಇಪ್ಪತ್ತು ಜನರಿಗೆ ಒಂದೇ ಕಾಗದ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ಹೀಗೆ ಬರೆಯಿರಿ: "ನಮಸ್ಕಾರ ಮೇಡಂ. ಒತ್ತಕ್ಷರದ ಬಗ್ಗೆ ನಿಮ್ಮ ಲೇಖನ ಓದಿದೆ. ಅದರಲ್ಲಿ ಮನೆಯಲ್ಲೂ ಕನ್ನಡ ಆಡುವ ಮಕ್ಕಳಷ್ಟೇ ಇದ್ದಾರೆ. ಮನೆಯಲ್ಲಿ ತುಳು ಆಡುವ ಮಕ್ಕಳ ಮೇಲೆ ಇದನ್ನೇ ನೋಡಬೇಕೆಂದಿದ್ದೇನೆ. ನನಗೆ ಮೂರು ಭಾಷೆ ಬರುತ್ತದೆ, ಇಲ್ಲಿನ ಶಾಲೆಗಳ ಪರಿಚಯ ಇದೆ. ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತೀರಾ?" ಸಾಕು. ಒಂದು ಪುಟದ ಟಿಪ್ಪಣಿ ಜೊತೆಗಿಡಿ.

ಕೊನೆಯ ಆ ಪ್ರಶ್ನೆ ಬಿಡಬೇಡಿ. ಯುಜಿಸಿಯ 2022ರ ನಿಯಮದಂತೆ ಪ್ರೊಫೆಸರ್ ಒಂದು ಸಲಕ್ಕೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಪಿಎಚ್‌ಡಿ ವಿದ್ಯಾರ್ಥಿಗಳನ್ನಷ್ಟೇ ಇಟ್ಟುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎರಡು ವಾರ ಕಾದು ಒಂದು ಸಲ ನೆನಪಿಸಿ. ಆಗಲೂ ಸುದ್ದಿ ಇಲ್ಲದಿದ್ದರೆ ಮುಂದಿನವರಿಗೆ ಬರೆಯಿರಿ, ಆದರೆ ಮೊದಲು ಅವರ ಲೇಖನ ಓದಿ.