ಕ್ಯಾಲಿಫೋರ್ನಿಯಾದಲ್ಲಿ ಬಾತು ಶಿಕಾರಿ: ಕೋವಿಗಿಂತ ಮೊದಲು ಕಾಗದಪತ್ರ

ಬೇ ಏರಿಯಾದಲ್ಲಿ ಇರುವವರಿಗೆ ಬಾತು ಶಿಕಾರಿಯ ಜಾಗ ತುಂಬಾ ದೂರವೇನಿಲ್ಲ. ಫೇರ್‌ಫೀಲ್ಡ್ ಪಕ್ಕದ ಸುಯಿಸನ್ ಜೌಗಿನಲ್ಲೇ ಗ್ರಿಜ್ಲಿ ಐಲ್ಯಾಂಡ್ ಇದೆ. ಅದು ರಾಜ್ಯ ಸರ್ಕಾರದ ಜಾಗ, ಪರ್ಮಿಟ್ ತೆಗೆದುಕೊಂಡು ಹೋಗಬಹುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಂದ್ರೆ ಜೈಲು ಅಂತಲೇ ಕೇಳಿ ಬೆಳೆದ ನಮಗೆ ಇದು ಮೊದಲಿಗೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ?

ಶುರು ಮಾಡಬೇಕಾದ್ದು ಹಂಟರ್ ಎಜುಕೇಶನ್ ಕೋರ್ಸ್‌ನಿಂದ. ಅದರ ಸರ್ಟಿಫಿಕೇಟ್ ಇಲ್ಲದೆ ಹೊಸಬರಿಗೆ ಲೈಸೆನ್ಸ್ ಸಿಗುವುದಿಲ್ಲ. ಲೈಸೆನ್ಸ್ ಜೊತೆಗೆ ರಾಜ್ಯದ ಡಕ್ ವ್ಯಾಲಿಡೇಶನ್ (ಬಾತು ಶಿಕಾರಿಗೆ ಲೈಸೆನ್ಸಿಗೆ ಸೇರಿಸುವ ಅನುಮತಿ), ಎಚ್‌ಐಪಿ (ವಲಸೆ ಹಕ್ಕಿ ಶಿಕಾರಿ ಮಾಡುವವರ ನೋಂದಣಿ), ಆಮೇಲೆ 16 ತುಂಬಿದವರಿಗೆ 25 ಡಾಲರ್‌ನ ಫೆಡರಲ್ ಡಕ್ ಸ್ಟ್ಯಾಂಪ್. ಈ ಸ್ಟ್ಯಾಂಪ್ 1934ರಿಂದ ಇದೆ. ಹೆಚ್ಚುಕಡಿಮೆ ಆ ದುಡ್ಡೆಲ್ಲ ಜೌಗು ಭೂಮಿ ಕೊಂಡು ಉಳಿಸುವುದಕ್ಕೇ ಹೋಗುತ್ತದೆ, ಹಾಗಾಗಿ ಕೋವಿ ಮುಟ್ಟದ ಪಕ್ಷಿಪ್ರಿಯರೂ ಕೊಳ್ಳುತ್ತಾರೆ.

ಈಗ ವೀಸಾ ವಿಷಯ. ಇದನ್ನು ಎರಡು ಸಲ ಓದಿ. ಎಚ್-1ಬಿ ತರಹದ ವೀಸಾದ ಮೇಲೆ ಬಂದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಒದಗುವುದು ಒಂದೇ, ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ಕ್ಯಾಲಿಫೋರ್ನಿಯಾದ ವಾರ್ಷಿಕ ಲೈಸೆನ್ಸ್ ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಿಸುವುದನ್ನು ಮರೆತು ಜುಲೈಯಲ್ಲಿ ಕೋವಿ ಬೀರುವಿನಲ್ಲೇ ಇದ್ದರೆ, ಸುಮ್ನೆ ಇಟ್ಟಿದ್ದೆ ಅಂದರೆ ಯಾರೂ ಕೇಳುವುದಿಲ್ಲ. ಗೆಳೆಯನ ಕೋವಿಯನ್ನು ಕೈಗೆ ತಗೊಂಡರೂ ಅದೇ ಲೆಕ್ಕ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ. ಕೊಡಗಿನವರಿಗೆ ಊರಲ್ಲಿರುವ ಕೋವಿ ವಿನಾಯಿತಿ ಇಲ್ಲಿ ನಡೆಯುವುದಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ವಕೀಲರ ಹತ್ತಿರ ಒಂದು ಮಾತು ಕೇಳಿಯೇ ಮುಂದುವರಿಯಿರಿ.

ನನ್ನ ಕೇಳಿದರೆ ಮೊದಲ ಸೀಸನ್‌ನಲ್ಲಿ ಕೋವಿ ಕೊಳ್ಳಲೇಬೇಡಿ. ಅನುಭವ ಇರುವವರ ಜೊತೆ ಬರಿಗೈಲಿ ಹೋಗಿ ಹಕ್ಕಿ ಗುರುತಿಸುವುದನ್ನು ಕಲಿಯಿರಿ, ಕಷ್ಟ ಇರುವುದೇ ಅಲ್ಲಿ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯೇ ಗುಂಡು ಹಾರಿಸಬಹುದು, ಆದರೆ ಆ ಮಬ್ಬಿನಲ್ಲಿ ಮಲ್ಲಾರ್ಡ್ ಅನ್ನುವ ಬಾತಿನ ಗಂಡಿನ ಹಸಿರು ತಲೆ ಬರೀ ಕಪ್ಪಾಗಿ ಕಾಣುತ್ತದೆ. ದಿನಕ್ಕೆ ಏಳು ಬಾತು, ಅದರಲ್ಲಿ ಹೆಣ್ಣು ಮಲ್ಲಾರ್ಡ್ ಎರಡೇ. ಮೈಯೆಲ್ಲ ಕಂದು ಚುಕ್ಕೆ, ರೆಕ್ಕೆಯಲ್ಲಿ ನೀಲಿ ಪಟ್ಟಿ, ಅದರ ಎರಡೂ ಅಂಚಿಗೆ ಬಿಳಿ ಗೆರೆ ಕಂಡರೆ ಅದೇ ಹೆಣ್ಣು. ಚಳಿಗಾಲದಲ್ಲಿ ನಮ್ಮೂರ ಕೆರೆಗಳಿಗೂ ಬರುವ ಸೂಜಿಬಾಲದ ಬಾತು ಇಲ್ಲೂ ಇದೆ. ಅದರ ಮಿತಿ ಬದಲಾಗುತ್ತಿರುತ್ತದೆ, ಆ ವರ್ಷದ ನಿಯಮ ನೋಡಿಕೊಳ್ಳಿ.

ಸೀಸದ ಗುಂಡು ಪೂರ್ತಿ ನಿಷೇಧ, ಸ್ಟೀಲ್ ತಗೊಳ್ಳಿ. ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಯಬಾರದು. ಎದೆಮಟ್ಟದ ವೇಡರ್, ಅಂದ್ರೆ ನೀರು ಒಳಗೆ ಬಿಡದ ಬೂಟು-ಪ್ಯಾಂಟು, ಬೇಕೇ ಬೇಕು. ಜೊಂಡಿನ ಮಧ್ಯೆ ಮೊಣಕಾಲುದ್ದ ಕೆಸರು, ಒಂದು ಕಾಲು ಎತ್ತುವಾಗ ಇನ್ನೊಂದು ಹೂತುಹೋಗುತ್ತದೆ, ಕೈಯಲ್ಲೊಂದು ಕೋಲು ಇರಲಿ.

ಬಿದ್ದ ಹಕ್ಕಿಯನ್ನು ಹುಡುಕದೆ ಬಿಟ್ಟು ಬರುವುದು ತಪ್ಪು, ಕಾನೂನಿನ ಪ್ರಕಾರವೂ. ಮನೆ ಮುಟ್ಟುವವರೆಗೆ ತಲೆ ಅಥವಾ ಒಂದು ರೆಕ್ಕೆ ಗರಿ ಸಮೇತ ಹಾಗೇ ಇರಬೇಕು, ವಾರ್ಡನ್ ಅದನ್ನೇ ನೋಡುವುದು. ಇನ್ನು ಅಡುಗೆ. ಕಾಡು ಬಾತಿಗೆ ಸಾಕಿದ್ದರಷ್ಟು ಕೊಬ್ಬಿರುವುದಿಲ್ಲ, ಮೆಣಸು ಹಾಕಿ ಹುರಿಯುವುದಾದರೆ ಬೇಗ ಇಳಿಸಿ, ಮತ್ತು ಹುರಿಯುವ ಮುಂಚೆ ಮಾಂಸವನ್ನು ಬೆರಳಲ್ಲಿ ಒತ್ತಿ ನೋಡಿ, ಸ್ಟೀಲ್ ಗುಂಡು ಹಲ್ಲಿಗೆ ಸಿಕ್ಕರೆ ಡೆಂಟಿಸ್ಟ್ ಬಿಲ್ಲು ಲೈಸೆನ್ಸಿಗಿಂತ ಜಾಸ್ತಿ.