ಜಾತ್ರೆಯಿಂದ ತಂದ ಎತ್ತಿಗೆ ನೊಗ ಹೂಡುವ ಮುನ್ನ

ಘಾಟಿ ಜಾತ್ರೆಯಲ್ಲಿ ಲಕ್ಷಗಟ್ಟಲೆ ಕೊಟ್ಟು ಹಳ್ಳಿಕಾರ್ ಜೋಡಿ ಹಿಡಿಯುತ್ತಾರೆ, ಟೆಂಪೊದಿಂದ ಇಳಿಸಿದ ಮರುದಿನವೇ ನೇಗಿಲಿಗೆ ಹೂಡುತ್ತಾರೆ. ವಾರದೊಳಗೆ ಒಂದಕ್ಕೆ ಕೆಮ್ಮು, ಜ್ವರ. ಬೈಗುಳ ದಳ್ಳಾಳಿಗೆ, ಎಡವಟ್ಟು ಮಾತ್ರ ಎಷ್ಟೋ ಸಲ ನಮ್ಮ ಕೊಟ್ಟಿಗೆಯಲ್ಲೇ ಆಗಿರುತ್ತದೆ.

ಕೊಳ್ಳುವಾಗ: ಕಿವಿಯೋಲೆಯ (ಗುರುತಿನ ಟ್ಯಾಗ್) 12 ಅಂಕಿ ಬರೆದುಕೊಂಡು, ಕಾಲುಬಾಯಿ ಮತ್ತು ಗಳಲೆ (ಗಂಟಲುಬೇನೆ) ರೋಗದ ಲಸಿಕೆ ಯಾವಾಗ ಬಿದ್ದಿದೆ ಎಂದು ಪಶುವೈದ್ಯರಲ್ಲಿ ಕೇಳಿ. ಲಸಿಕೆ ಹಾಕಿಸಿ ಮೂರು ವಾರ ದಾಟಿದ್ದರೆ ಒಳ್ಳೆಯದು.

ಸಾಗಿಸುವಾಗ: ತಲೆ ಬಗ್ಗಿಸಲಾಗದಷ್ಟು ಬಿಗಿಯಾಗಿ ಕಟ್ಟಬೇಡಿ. ಗಂಟೆಗಟ್ಟಲೆ ತಲೆ ಎತ್ತಿಯೇ ನಿಂತರೆ ಶ್ವಾಸನಾಳದ ಕಫ ಹೊರಬರದೆ ಅಲ್ಲಿ ಬ್ಯಾಕ್ಟೀರಿಯಾ ಹೆಚ್ಚುವುದು ಕುದುರೆಗಳಲ್ಲಿ ಸಾಬೀತಾಗಿದೆ. ಇಳಿಸಿದ ಮೇಲೆ ಮೇವನ್ನು ಎತ್ತರದ ಗೋದಲಿಗಲ್ಲ, ನೆಲಕ್ಕೇ ಹಾಕಿ. ತಲೆ ತಗ್ಗಿಸಿ ತಿನ್ನುವಾಗ ಕಫ ತಾನಾಗಿ ಇಳಿಯುತ್ತದೆ.

ಮೊದಲ ದಿನ: ನೆರಳು, ನೀರು, ರಾಗಿ ಹುಲ್ಲು, ಅಷ್ಟೇ. ಹಿಂಡಿ, ಬೇಯಿಸಿದ ಹುರುಳಿ ಒಂದು ವಾರದಲ್ಲಿ ಹಂತಹಂತವಾಗಿ. ಹಳೆಯ ದನಗಳಿಂದ 21 ದಿನ ದೂರ ಕಟ್ಟಿ, ನೀರಿನ ತೊಟ್ಟಿಯೂ ಬೇರೆ ಇರಲಿ. ಆದರೆ ಜೋಡಿ ಮುರಿಯಬೇಡಿ. ಒಂಟಿಯಾಗಿ ಕಟ್ಟಿದ ಎತ್ತಿಗೆ ಅದೇ ಇನ್ನೊಂದು ಒತ್ತಡ.

ಎಲ್ಲರೂ ಎಡವುವುದು ದುಡಿಮೆ ಶುರುಮಾಡುವಲ್ಲಿ. ಹೆದರಿಕೆ, ಪ್ರಯಾಣ, ಹೊಸ ಜಾಗ ಎಲ್ಲ ಸೇರಿ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಸುರಿಯುತ್ತದೆ. ಆಗ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಪೈಕಿ ಲಿಂಫೋಸೈಟ್ ಇಳಿಯುತ್ತವೆ, ನ್ಯೂಟ್ರೋಫಿಲ್ ಏರುತ್ತವೆ. ಏರಿದವು ರಕ್ತನಾಳದ ಗೋಡೆಗೆ ಸರಿಯಾಗಿ ಅಂಟಿಕೊಳ್ಳಲಾರವು, ಹಾಗಾಗಿ ಶ್ವಾಸಕೋಶದೊಳಗೆ ನುಗ್ಗಲಾರವು. ಬಸ್ಸಿನ ತುಂಬ ಪೊಲೀಸರಿದ್ದರೂ ಇಳಿಯಲು ಬಾಗಿಲು ತೆರೆಯದಂತೆ. ಗಂಟಲಲ್ಲಿ ತೆಪ್ಪಗಿದ್ದ ಪಾಶ್ಚುರೆಲ್ಲಾ ಜಾತಿಯ ಬ್ಯಾಕ್ಟೀರಿಯಾ ಆಗ ಶ್ವಾಸಕೋಶಕ್ಕೆ ಇಳಿಯುತ್ತದೆ. (ಬಂದ ದಿನವೇ ರಕ್ತಪರೀಕ್ಷೆ ಮಾಡಿಸಿ, ನ್ಯೂಟ್ರೋಫಿಲ್ ಜಾಸ್ತಿ ಎಂಬ ಒಂದೇ ಕಾರಣಕ್ಕೆ ಆಂಟಿಬಯೋಟಿಕ್ ಚುಚ್ಚಿಸುವುದು ದುಡ್ಡು ದಂಡ.) ಈ ಸ್ಥಿತಿಯಲ್ಲಿ ಉಳುಮೆಗೆ ಹೂಡಿದರೆ ಬಿರುಸಿನ ದುಡಿಮೆ ಕಾರ್ಟಿಸೋಲನ್ನು ಮತ್ತೆ ಏರಿಸುತ್ತದೆ. ಹಾಗೆಂದು ಮೂರು ವಾರ ಗೂಟಕ್ಕೇ ಬಿಗಿಯುವುದೂ ತಪ್ಪು. ಹದವಾದ ನಡಿಗೆಯಿಂದ ಮೈ ಪಳಗುತ್ತದೆ. ಪಳಗಿದ ಮೈಗೆ ಅದೇ ಭಾರ ಕಡಿಮೆ ಒತ್ತಡ ತರುತ್ತದೆ.

ಮೊದಲ ನಾಲ್ಕು ದಿನ ಹಗ್ಗ ಹಿಡಿದು ಸುಮ್ಮನೆ ಓಡಾಡಿಸಿ. ಐದನೇ ದಿನದಿಂದ ಬರೀ ನೊಗವಿಟ್ಟು ಅರ್ಧ ಗಂಟೆ. ಎರಡನೇ ವಾರ ಖಾಲಿ ಗಾಡಿ, ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಮೂರನೇ ವಾರ ಬೆಳಗಿನ ಹೊತ್ತು ಹಗುರ ಕುಂಟೆ. ನೇಗಿಲು ಆಮೇಲೆ, ಮಳೆ ಬಿದ್ದು ಹದ ಸಿಕ್ಕಿದ್ದರೂ ಸರಿ. ಆತುರವಿದ್ದರೆ ಬಾಡಿಗೆ ಟ್ರ್ಯಾಕ್ಟರ್ ಕರೆಯಿರಿ, ಎತ್ತು ಕಳೆದುಕೊಳ್ಳುವುದಕ್ಕಿಂತ ಅಗ್ಗ.

ಹೂಡುವ ಮುನ್ನ ಪಕ್ಕೆಯ ಏರಿಳಿತ ನೋಡಿ ಒಂದು ನಿಮಿಷದ ಉಸಿರು ಎಣಿಸಿ. ಕೆಲಸ ಬಿಟ್ಟು ನೆರಳಿನಲ್ಲಿ ಅರ್ಧ ಗಂಟೆ ನಿಂತ ಮೇಲೂ ಅದರ ಆಸುಪಾಸಿಗೆ ಬರದಿದ್ದರೆ ನಾಳೆ ರಜೆ, ನಾಡಿದ್ದು ಅರ್ಧ ಕೆಲಸ.

ಪ್ರತಿದಿನ ಬೆಳಿಗ್ಗೆ, ಕೆಲಸಕ್ಕೆ ಮೊದಲು, ಜ್ವರ ನೋಡಿ. ಥರ್ಮಾಮೀಟರಿಗೆ ಎಣ್ಣೆ ಸವರಿ ಗುದದೊಳಗಿಟ್ಟು ಒಂದು ಪಕ್ಕಕ್ಕೆ ಒತ್ತಿ ಹಿಡಿಯಬೇಕು. ಸಗಣಿಯೊಳಗೆ ಹೂತರೆ ಕಡಿಮೆ ತೋರಿಸುತ್ತದೆ. 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ ನೊಗ ಮುಟ್ಟಬೇಡಿ, ವೈದ್ಯರನ್ನು ಕರೆಸಿ.

‘ಚುರುಕು ಬರುತ್ತೆ’ ಎಂದು ಕೆಲವರು ಚುಚ್ಚುವ ಡೆಕ್ಸಾಮೆಥಾಸೋನ್ ಕಾರ್ಟಿಸೋಲಿನ ಕೆಲಸವನ್ನೇ ಹಲವು ಪಟ್ಟು ಜೋರಾಗಿ ಮಾಡುವ ಸ್ಟೀರಾಯ್ಡ್. ಒಂದೆರಡು ದಿನ ಎತ್ತು ಮೇವು ತಿಂದು ಗೆಲುವಾಗಿ ಕಾಣುತ್ತದೆ, ಒಳಗೆ ರೋಗನಿರೋಧಕ ಶಕ್ತಿ ಕುಸಿದಿರುತ್ತದೆ. ವೈದ್ಯರು ಬರೆಯದ ಹೊರತು ಬೇಡವೇ ಬೇಡ. ಅಂಗಡಿಯ ‘ಇಮ್ಯೂನಿಟಿ ಟಾನಿಕ್’ ಕೂಡ ವಿಶ್ರಾಂತಿಗೆ ಬದಲಿಯಲ್ಲ. ಆ ದುಡ್ಡಿಗೆ ಖನಿಜ ಮಿಶ್ರಣ ತನ್ನಿ. ಬಾಕಿ ಉಳಿದ ಲಸಿಕೆಯನ್ನೂ ಇಳಿಸಿದ ದಿನವೇ ಹಾಕಿಸಬೇಡಿ. ಒತ್ತಡದಲ್ಲಿದ್ದಾಗ ಅದು ಸರಿಯಾಗಿ ಹತ್ತುವುದಿಲ್ಲ. ಮೇವು, ಮೆಲುಕು ಸರಿಹೋದ ಮೇಲೆ, ಸುಮಾರು ಒಂದು ವಾರಕ್ಕೆ ಹಾಕಿಸಿ. ಊರಲ್ಲಿ ಆಗಲೇ ರೋಗ ಎದ್ದಿದ್ದರೆ ವೈದ್ಯರ ಮಾತೇ ಅಂತಿಮ.

ಮೆಲುಕು ನಿಂತು, ಕಿವಿ ಜೋತು, ಗಂಟಲ ಕೆಳಗೆ ಬಾವು ಕಂಡರೆ ಗಳಲೆ ಎಂದೇ ತಿಳಿದು ಕೂಡಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಒಂದು ರಾತ್ರಿ ಕಾದರೂ ಎತ್ತು ಉಳಿಯದಿರಬಹುದು.